ಸೈಕಲ್‌ಗೆ ಕಾರಿನ ಜಾಗ ಕೊಡಬೇಕೋ, ಗಿಡದ ಪಟ್ಟಿ ಕೊಡಬೇಕೋ? – ಕಲಬುರಗಿ, 24 ಮನೆಗಳ ಅಪಾರ್ಟ್‌ಮೆಂಟ್

ಸೇಡಂ_ರೋಡ್_24ಮನಿ

ಎಲ್ಲರಿಗೂ ಶರಣು. ಸಂಘದ ಮುಂದಿನ ಸಭೆಗೆ ಮೊದಲು ಗೊತ್ತಿದ್ದವರ ಅಭಿಪ್ರಾಯ ಬೇಕಿತ್ತು. ಅಳತೆ ಹೀಗಿದೆ: ನಿವೇಶನ 30 ಮೀ. × 36 ಮೀ., ಅಂದರೆ 1,080 ಚದರ ಮೀಟರ್. ಸ್ಟಿಲ್ಟ್ (ಕಂಬಗಳ ನಡುವಿನ ತೆರೆದ ನೆಲಮಹಡಿ) ಮೇಲೆ ನಾಲ್ಕು ಅಂತಸ್ತು, ಎತ್ತರ 14.4 ಮೀ., ಮನೆಗಳು 24. ಮಂಜೂರಾದ ನಕ್ಷೆಯಲ್ಲಿ ಸ್ಟಿಲ್ಟ್‌ನಲ್ಲಿ 24 ಕಾರು, ಹೊರಗೆ ಅತಿಥಿಗಳಿಗೆ 3 ಕಾರು. ಪೂರ್ವದ ಬದಿಯಲ್ಲಿ 5 ಮೀ. ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ಕಟ್ಟದೆ ಬಿಡಬೇಕಾದ ಜಾಗ), ಅದರಲ್ಲಿ ಕಂಪೌಂಡ್ ಗೋಡೆಗೆ ಹೊಂದಿಕೊಂಡು 1.5 ಮೀ. ಅಗಲ, 24 ಮೀ. ಉದ್ದದ ಪಟ್ಟಿಯನ್ನು ಹಸಿರು ಬಣ್ಣದಲ್ಲಿ ತೋರಿಸಿದ್ದಾರೆ. ಸದ್ಯ ಅಲ್ಲಿ ಒಣಗಿದ ಲಾನ್ ಬಿಟ್ಟರೆ ಏನೂ ಇಲ್ಲ.

ಸೈಕಲ್ಲುಗಳು 31, ಅದರಲ್ಲಿ 14 ಮಕ್ಕಳವು. ಎಲ್ಲಾ ಜಿನೆಯ (ಮೆಟ್ಟಿಲಿನ) ಕೆಳಗೆ, ಮೀಟರ್ ಪ್ಯಾನಲ್ ಮುಂದೆ ನಿಂತಿವೆ. ಎರಡು ಸಲಹೆ ಬಂದಿವೆ. ಒಂದು, ಅತಿಥಿ ಕಾರಿನ ಎರಡು ಜಾಗ ತೆಗೆದು ಸೈಕಲ್‌ಗೆ ಕೊಡುವುದು. ಎರಡು, ಹಸಿರು ಪಟ್ಟಿಗೆ ತಗಡಿನ ಶೆಡ್ ಹಾಕುವುದು. ಇದಕ್ಕೆ ಪ್ರಾಧಿಕಾರದಿಂದ ಝೋನಿಂಗ್ ಬದಲಾವಣೆ ತರಬೇಕು ಎಂದು ಒಬ್ಬರು, ಏನೂ ಬೇಡ ಎಂದು ಇನ್ನೊಬ್ಬರು. ಯಾವುದು ಸರಿ?

ನಕ್ಷೆ_ಮಾಪಕ

ಇಬ್ಬರೂ ಸರಿಯಲ್ಲ.

ಝೋನಿಂಗ್ ಬದಲಾವಣೆ ಎಂದರೆ ಭೂ ಬಳಕೆ ಬದಲಾವಣೆ: ವಸತಿ ಇದ್ದದ್ದು ವಾಣಿಜ್ಯ ಆಗುವುದು, ಉದ್ಯಾನಕ್ಕೆ ಮೀಸಲಿಟ್ಟದ್ದು ವಸತಿ ಆಗುವುದು. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನ ವಿಷಯ, ನಗರಾಭಿವೃದ್ಧಿ ಪ್ರಾಧಿಕಾರದ ಬಾಗಿಲು. ವಸತಿ ಕಟ್ಟಡದ ಅಂಗಳದಲ್ಲಿ ಅದೇ ಮನೆಗಳವರ ಸೈಕಲ್ ನಿಂತರೆ ಬಳಕೆ ಬದಲಾಗುವುದಿಲ್ಲ. ಆ ಕಡತವನ್ನೇ ಮರೆತುಬಿಡಿ.

ನಿಮ್ಮದು ಮಂಜೂರಾದ ಕಟ್ಟಡ ನಕ್ಷೆಯ ಪ್ರಶ್ನೆ, ಅಂದರೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ ಪ್ರಶ್ನೆ. ಪರವಾನಗಿಗೆ ಅರ್ಜಿ 299ನೇ ಕಲಮು, ಕಾಮಗಾರಿ ಮುಗಿದ ಮೇಲೆ ವಾಸದ ಅನುಮತಿ 310, ನಕ್ಷೆ ಮೀರಿ ಕಟ್ಟಿದ್ದನ್ನು ಕೆಡವಿಸುವುದು 321. ಝೋನಲ್ ನಿಯಮಗಳು ಈ ನಕ್ಷೆಯೊಳಗೆ ಮೂರು ಕಡೆ ಬಂದು ಕೂತಿರುತ್ತವೆ: ಸೆಟ್‌ಬ್ಯಾಕ್, ಕಾರು ನಿಲುಗಡೆಯ ಸಂಖ್ಯೆ, ಬಿಡಬೇಕಾದ ಖಾಲಿ ಜಾಗ. ಈ ಮೂರನ್ನೂ ಮುಟ್ಟದೆ ಸೈಕಲ್ ನಿಲ್ಲಿಸಿದರೆ ಅದು ಸಂಘದ ಒಳಗಿನ ವ್ಯವಸ್ಥೆ. ಯಾವುದಾದರೂ ಒಂದನ್ನು ಮುಟ್ಟಿದರೂ ಪರಿಷ್ಕೃತ ನಕ್ಷೆ ಬೇಕು.

ನಿಮ್ಮ ಎರಡೂ ಸಲಹೆಗಳು ಒಂದೊಂದನ್ನು ಮುಟ್ಟುತ್ತವೆ. ಅತಿಥಿ ಜಾಗ ತೆಗೆದರೆ ಕಾರಿನ ಲೆಕ್ಕ ಕಡಿಮೆ. ಸೆಟ್‌ಬ್ಯಾಕ್‌ನಲ್ಲಿ ಕಂಬ ನೆಟ್ಟು ತಗಡು ಹೊದಿಸಿದರೆ ಸೆಟ್‌ಬ್ಯಾಕ್ ಉಲ್ಲಂಘನೆ. ತಗಡು ಇಲ್ಲದ ಬರಿಯ ಸ್ಟ್ಯಾಂಡ್ ಕಟ್ಟಡವಲ್ಲ, ಬಾಗಿಲ ಮುಂದಿನ ಬೆಂಚು ಇದ್ದಹಾಗೆ.

ಮೊದಲು ನಕ್ಷೆಯ ಬಲಬದಿಯ ಏರಿಯಾ ಸ್ಟೇಟ್‌ಮೆಂಟ್ ನೋಡಿ. ಕಾರು ನಿಲುಗಡೆಗೆ ಎರಡು ಅಂಕಣ ಇರುತ್ತವೆ: ಬೇಕಾದದ್ದು ಎಷ್ಟು, ಒದಗಿಸಿದ್ದು ಎಷ್ಟು. ಒದಗಿಸಿದ್ದು 27, ಬೇಕಾದದ್ದು 26 ಎಂದಿದ್ದರೆ ಒಂದು ಜಾಗ ನಿಮ್ಮ ಕೈಯಲ್ಲಿದೆ. ಎಲ್ಲರೂ ಒದಗಿಸಿದ್ದನ್ನು ಮಾತ್ರ ಎಣಿಸಿ ಜಗಳಕ್ಕೆ ನಿಲ್ಲುತ್ತಾರೆ. ನಕ್ಷೆಯ ಪ್ರತಿ ಸಂಘದ ಬಳಿ ಇಲ್ಲದಿದ್ದರೆ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಪರವಾನಗಿ ಸಂಖ್ಯೆ ಬರೆದರೆ ಕಡತ ಬೇಗ ಸಿಗುತ್ತದೆ.

ಸೇಡಂ_ರೋಡ್_24ಮನಿ

ನಕ್ಷೆ ಇದೆ ಸರ್. ಈಗ ನೋಡಿದೆ: ಬೇಕಾದದ್ದು 26, ಒದಗಿಸಿದ್ದು 27. ಹಾಗಾದರೆ ಒಂದು ಕಾರಿನ ಜಾಗದಲ್ಲಿ 31 ಸೈಕಲ್ ಹಿಡಿಯುತ್ತವೆಯೇ? ಒಬ್ಬರು 12, ಇನ್ನೊಬ್ಬರು 20 ಎನ್ನುತ್ತಾರೆ.

ಫ್ಯಾಬ್ರಿಕೇಟರ್_ಹುಮನಾಬಾದ್_ಬೇಸ್

20 ಅಂದವ್ರು ಹ್ಯಾಂಡಲ್ ಇಲ್ಲದ ಸೈಕಲ್ ಎಣಿಸ್ಯಾರ ಅನಸ್ತದ್ರಿ.

ದೊಡ್ಡ ಸೈಕಲ್ ಉದ್ದ 1.8 ಮೀಟರ್, ಹ್ಯಾಂಡಲ್ ಅಗಲ 60 ಸೆಂಟಿಮೀಟರ್. ಇದು ಬದಲಾಗಲ್ಲ. ತಲಿಕೆಳಗಾದ ಯು ಆಕಾರದ ಸ್ಟ್ಯಾಂಡ್ ಹಾಕಿದ್ರ ಎರಡೂ ಬಾಜೂಕ ಒಂದೊಂದು, ಅಂದ್ರ ಒಂದು ಸ್ಟ್ಯಾಂಡಿಗೆ ಎರಡು ಸೈಕಲ್. ಸ್ಟ್ಯಾಂಡಿಂದ ಸ್ಟ್ಯಾಂಡಿಗೆ 1 ಮೀಟರ್, ಗ್ವಾಡಿ ಅಥವಾ ಕಂಬದಿಂದ 60 ಸೆಂಟಿಮೀಟರ್ ಬಿಡಬೇಕು.

ಈಗ ಕಾರಿನ ಜಾಗ 2.5 × 5 ಮೀಟರ್ ಅಂತ ಹಿಡೀರಿ. ಅದು ಸಾಲಿನ ತುದಿಯೊಳಗಿದ್ದು 5 ಮೀಟರಿನ ಬದಿ ದಾರಿಗೆ ತೆರದಿದ್ರ, ಎರಡೂ ಕಡಿ ಕಂಬ ಬಿಟ್ಟು ನಾಲ್ಕು ಸ್ಟ್ಯಾಂಡ್, ಎಂಟು ಸೈಕಲ್. ದಾರಿ ಮ್ಯಾಲೆ ನಿಂತು ಸೀದಾ ಒಳಗ ತಳ್ಳಬಹುದು. ಅದೇ ಜಾಗ ಎರಡು ಕಾರಿನ ನಡುವ ಇದ್ರ ತೆರದ ಬದಿ ಬರೀ 2.5 ಮೀಟರ್. ಆವಾಗ ಓಡಾಡ್ಲಾಕ ಒಳಗs ಹಾದಿ ಬೇಕು. ಅಡ್ಡ ನಿಲ್ಲಿಸಿದ್ರ 1.8 ಹೋಗಿ 70 ಸೆಂಟಿಮೀಟರ್ ಉಳೀತದ, ಅದ್ರಾಗ ಸೈಕಲ್ ತಿರುಗಲ್ಲ. 45 ಡಿಗ್ರಿ ವಾರೆ ಹಾಕಿದ್ರ ಸುಮಾರು 1.4 ಮೀಟರ್ ಹಿಡೀತದ, ಹಾದಿ 1.1 ಸಿಗ್ತದ. ಆದ್ರ ವಾರೆ ಇದ್ದಾಗ ಸ್ಟ್ಯಾಂಡಿನ ನಡುವ 1 ಮೀಟರ್ ಅಲ್ಲ, ಉದ್ದಕ್ಕ 1.4 ಮೀಟರ್ ಬೇಕು. ಮೂರು ಸ್ಟ್ಯಾಂಡ್, ಆರು ಸೈಕಲ್. ಮುಗೀತು.

ಒಂದು ಕಾರು ಬಿಟ್ಟುಕೊಟ್ಟು ಆರು ಸೈಕಲ್ಲಿಗೆ ಅಷ್ಟು ಹೊಡದಾಡೂದು ಬರೋಬರಿ ಅಲ್ರಿ. ನಿಮ್ಮ ಪೂರ್ವದ ಪಟ್ಟಿ ನೋಡ್ರಿ, 24 ಮೀಟರ್ ಉದ್ದ, 1.5 ಅಗಲ, ಇಡೀ ಬದಿ ದಾರಿಗೆ ತೆರದದ. ವಾರೆ ಸ್ಟ್ಯಾಂಡ್ 1.4 ಹಿಡೀತದ ಅಂದೆ. ಅಳತಿ ಕೂಡಿಬರ್ತದ.

ಎರಿಮಣ್ಣು

ಕೂಡಿಬರ್ತದ ಖರೆ, ಆದ್ರ ಹಸಿರು ಪಟ್ಟಿಗೆಲ್ಲ ಪೇವರ್ ಬಡದು ಸೈಕಲ್ ನಿಲ್ಸಿದ್ರ ಅದು ಹಸಿರು ಅಲ್ರಿ. ನಕ್ಷೆಯೊಳಗ ಗಿಡ ತೋರ್ಸಿ ಜಾಗದಾಗ ಸಿಮೆಂಟ್ ಇದ್ರ ತಪಾಸಣಿಗೆ ಬಂದವ್ರು ಕೇಳೂದು ಅದನ್ನೇ.

ಎರಡೂ ಕೂಡಿಸ್ರಿ. 4 ಮೀಟರಿಗೆ ಒಂದು ಗಿಡ, ಗಿಡದ ಗುಂಡಿಗೆ 1.2 ಮೀಟರ್ ಉದ್ದ ಬಿಡ್ರಿ. ನಡುವ 2.8 ಮೀಟರ್ ಉಳೀತದ. ಅದ್ರಾಗ ವಾರೆ ಸ್ಟ್ಯಾಂಡ್ ಎರಡು, ಸೈಕಲ್ ನಾಲ್ಕು. 24 ಮೀಟರಿನಾಗ ಆರು ಗಿಡ, ಆರು ಸಂದು, 24 ಸೈಕಲ್. ಸ್ಟ್ಯಾಂಡಿನ ಕೆಳಗ ಹುಲ್ಲು ಬೆಳಿಯೂ ತೂತಿನ ಪೇವರ್. ನೀರು ಇಂಗ್ತದ, ನೆರಳು ಮರದ್ದು, ತಗಡು ಬ್ಯಾಡ, ಕಂಬ ಬ್ಯಾಡ. ಸೆಟ್‌ಬ್ಯಾಕಿನಾಗ ಕಟ್ಟಿದಂಗೂ ಆಗಲ್ಲ.

ಇನ್ನುಳಿದ ಏಳು ಸೈಕಲ್ ಸ್ಟಿಲ್ಟಿನ ಆ ಒಂದು ಹೆಚ್ಚುವರಿ ಜಾಗಕ್ಕ ಹೋಗ್ಲಿ, ಎಂಟು ಹಿಡಿಯೂ ಸಾಲಿನ ತುದೀದ್ದೇ ಆರಿಸ್ರಿ.

ನಕ್ಷೆ_ಮಾಪಕ

ಇದು ಒಳ್ಳೆಯ ಹಾದಿ. ಲೆಕ್ಕ ಒಮ್ಮೆ ಒರೆಗೆ ಹಚ್ಚೋಣ. 5 ಮೀ. ಸೆಟ್‌ಬ್ಯಾಕ್‌ನಲ್ಲಿ 1.5 ಪಟ್ಟಿಗೆ ಹೋದರೆ ದಾರಿ 3.5 ಮೀ. ಕಾರಿಗೆ ಸಾಕು. ಕಟ್ಟಡ 15 ಮೀಟರ್‌ಗಿಂತ ಎತ್ತರವಿದ್ದಿದ್ದರೆ ನಾನು ಬೇಡ ಎನ್ನುತ್ತಿದ್ದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀ. ಮತ್ತು ಮೇಲಿನದ್ದು ಬಹುಮಹಡಿ. ಅಲ್ಲಿ ಅಗ್ನಿಶಾಮಕ ವಾಹನಕ್ಕೆ 6 ಮೀ. ನಿರಾತಂಕ ದಾರಿ ಬೇಕು, ನೆಲ 45 ಟನ್ ತಡೆಯಬೇಕು. ಅಂಥ ಕಟ್ಟಡಗಳಲ್ಲಿ ದಾರಿಯ ಅಂಚಿಗೆ ಸೈಕಲ್ ಸ್ಟ್ಯಾಂಡ್ ನೆಡುವುದೂ ಒಂದೇ, ಬೆಂಕಿ ಗಾಡಿಗೆ ಸರಪಳಿ ಹಾಕುವುದೂ ಒಂದೇ. ಇದನ್ನು ಓದುತ್ತಿರುವ ಎತ್ತರದ ಕಟ್ಟಡದವರು ನಕಲು ಮಾಡಬೇಡಿ.

ಮರದ ಲೆಕ್ಕಕ್ಕೆ ಒಂದು ಅಳತೆಗೋಲು: ಕೇಂದ್ರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪರಿಸರ ಷರತ್ತುಗಳಲ್ಲಿ 80 ಚ.ಮೀ. ನಿವೇಶನಕ್ಕೆ ಒಂದು ಮರ. ಆ ಷರತ್ತು 5,000 ಚ.ಮೀ. ಮೀರಿದ ಕಟ್ಟಡಗಳಿಗೆ ಬರೆದದ್ದು. ನಿಮ್ಮ ಮೇಲೆ ಅದರ ಬಲವಂತವಿಲ್ಲ, ಆದರೂ ಲೆಕ್ಕ ಹಾಕಿದರೆ 1,080ಕ್ಕೆ 14 ಮರ ಬರುತ್ತದೆ. ಪೂರ್ವಕ್ಕೆ ಆರು ನೆಟ್ಟರೆ ಉಳಿದ ಬದಿಗಳಿಗೆ ಎಂಟು. ತಪಾಸಣೆಗೆ ಬಂದವರ ಮುಂದೆ ಇದು ಗಟ್ಟಿ ಮಾತು.

ಒಂದು ಎಚ್ಚರಿಕೆ. ತೂತಿನ ಪೇವರ್ ಹಾಕಿದ ಜಾಗವನ್ನು ಪೂರ್ತಿ ಹಸಿರು ಎಂದು ಎಣಿಸಿಕೊಳ್ಳಬೇಡಿ. ಆರು ಸಂದು × 2.8 × 1.5, ಸುಮಾರು 25 ಚ.ಮೀ. ಅಷ್ಟೇ ಜಾಗವನ್ನು ಹಿಂಬದಿಯ ಸೆಟ್‌ಬ್ಯಾಕ್‌ನಲ್ಲಿ ಕಾಂಕ್ರೀಟ್ ಒಡೆದು ಮಣ್ಣಿಗೆ ಬಿಡಿ. ಹಳೆಯದು ಇಷ್ಟು, ಹೊಸದು ಇಷ್ಟು ಎಂದು ಒಂದೇ ಹಾಳೆಯಲ್ಲಿ ತೋರಿಸಿ. ಯಾರೂ ತಕರಾರು ಎತ್ತಲಾರರು.

ಕಾನೂನು_ಕಟ್ಟೆ

ಪಾಲಿಕೆಯ ಭಾಗ ಆಯಿತು, ಮನೆಯೊಳಗಿನ ಭಾಗ ಯಾರೂ ಹೇಳಲಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲಸ ನಿಲ್ಲುವುದು ಪಾಲಿಕೆಯಿಂದಲ್ಲ, ಮೂರನೇ ಮಹಡಿಯವರಿಂದ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಅಂಗಳ, ಸ್ಟಿಲ್ಟ್, ಗಿಡದ ಪಟ್ಟಿ ಎಲ್ಲರಿಗೂ ಸೇರಿದ ಅವಿಭಜಿತ ಪಾಲು. ಯಾರೂ ಅದನ್ನು ತುಂಡು ಮಾಡಿ ಹಂಚಿಕೊಳ್ಳುವಂತಿಲ್ಲ. ಆದ್ದರಿಂದ ಒಂದೊಂದು ಸ್ಟ್ಯಾಂಡಿಗೆ ಮನೆ ಸಂಖ್ಯೆ ಬರೆಯುವುದು ಸರಿ, ಮಾರುವುದು ಅಥವಾ ಕ್ರಯಪತ್ರದಲ್ಲಿ ಸೇರಿಸುವುದು ಸಲ್ಲ. ಠರಾವಿನಲ್ಲಿ 'ಹಂಚಿಕೆ' ಎಂದು ಬರೆಯದೆ 'ಬಳಕೆಯ ವ್ಯವಸ್ಥೆ' ಎಂದು ಬರೆಯಿರಿ. ಹತ್ತು ವರ್ಷದ ಮೇಲೆ ಮನೆ ಮಾರುವವರು ಆ ಶಬ್ದವನ್ನೇ ಹಿಡಿದು ಎಳೆಯುತ್ತಾರೆ.

ಬಿಲ್ಡರ್ ಹೊರಗಿನ ಅತಿಥಿ ಜಾಗವನ್ನು ಯಾರಿಗಾದರೂ ಬರೆದುಕೊಟ್ಟಿದ್ದಾನೆಯೇ ನೋಡಿಕೊಳ್ಳಿ. 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯ್ದೆಯ ವ್ಯಾಖ್ಯೆಯಲ್ಲಿ ತೆರೆದ ಪಾರ್ಕಿಂಗ್ ಸಾಮಾನ್ಯ ಪ್ರದೇಶ. ಸ್ಟಿಲ್ಟ್ ಪಾರ್ಕಿಂಗ್ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ನಹಾಲ್‌ಚಂದ್ ಪ್ರಕರಣದಲ್ಲಿ, ಅದನ್ನು ಬೇರೆ ಆಸ್ತಿಯಂತೆ ಮಾರಲು ಬರುವುದಿಲ್ಲ ಎಂದಿತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದ ತೀರ್ಪು ಎಂಬುದು ನೆನಪಿರಲಿ. ಬಿಲ್ಡರ್ ಇನ್ನೂ ಸಂಘಕ್ಕೆ ಹಸ್ತಾಂತರ ಮಾಡಿಲ್ಲದಿದ್ದರೆ ಮತ್ತೊಂದು ತೊಡಕು: ರೇರಾ 14ನೇ ಕಲಮಿನ ಪ್ರಕಾರ ಮಂಜೂರಾದ ಯೋಜನೆಯನ್ನು, ಸಾಮಾನ್ಯ ಪ್ರದೇಶವನ್ನು ಬದಲಿಸಲು ಅವನಿಗೆ ಮೂರರಲ್ಲಿ ಎರಡು ಪಾಲು ಹಂಚಿಕೆದಾರರ ಲಿಖಿತ ಒಪ್ಪಿಗೆ ಬೇಕು, ಅವನ ಸ್ವಂತ ಮನೆಗಳನ್ನು ಬಿಟ್ಟು.

ವಾಸದ ಅನುಮತಿ ಪತ್ರ ಬಂದಿದೆಯೇ? ಬರದಿದ್ದರೆ ಸ್ಟ್ಯಾಂಡ್ ಬೇಡ, ಮೊದಲು ಪತ್ರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪತ್ರವಿಲ್ಲದ ಕಟ್ಟಡಗಳ ವಿಷಯದಲ್ಲಿ ಬಿಗಿಯಾದ ನಿರ್ದೇಶನ ಕೊಟ್ಟಿದೆ. ಮುಂದೆ ಸಕ್ರಮ ಆದೀತು ಎಂದು ಶೆಡ್ ಹೊಡೆಯುವ ಕಾಲ ಹೋಯಿತು. ಅಕ್ರಮ-ಸಕ್ರಮಕ್ಕೆ 2017ರಲ್ಲೇ ತಡೆ ಬಿದ್ದಿದೆ.

ಸೇಡಂ_ರೋಡ್_24ಮನಿ

ಹಸ್ತಾಂತರ ಆಗಿದೆ, ಅನುಮತಿ ಪತ್ರವೂ ಇದೆ. ಅತಿಥಿ ಜಾಗ ಯಾರ ಕ್ರಯಪತ್ರದಲ್ಲೂ ಇಲ್ಲ. ಎರಿಮಣ್ಣು ಅಣ್ಣಾವ್ರ ಸಲಹೆ ಎಲ್ಲರಿಗೂ ಹಿಡಿಸಿದೆ. ಆದರೆ ಪಶ್ಚಿಮ ಬದಿಯ ಪೇವರ್ ಈಗಾಗಲೇ ಎದ್ದು ಕುಣಿಯುತ್ತಿದೆ. ಇಲ್ಲೂ ಹಾಗೇ ಆದರೆ?

ಎರಿಮಣ್ಣು

ಆಗೇ ಆಗ್ತದ, ಎರಿ (ಕರಿ) ಮಣ್ಣಿನ ಮ್ಯಾಲೆ ಸೀದಾ ಹಾಸಿದ್ರ. ನಮ್ಮ ಮಣ್ಣು ನೀರು ಕುಡದು ಉಬ್ಬತದ, ಬ್ಯಾಸಗ್ಯಾಗ ಬಿರದು ಕೈ ಹೋಗೂವಷ್ಟು ಸೀಳತದ. ಮ್ಯಾಲೆ ಎಷ್ಟು ದಪ್ಪ ಪೇವರ್ ಹಾಕಿದ್ರೂ ಕೆಳಗಿಂದು ಕುಣದ್ರ ಅದೂ ಕುಣೀತದ. ಪೇವರ್ ಕೊಟ್ಟವನ ಮ್ಯಾಲೆ ಸಿಟ್ಟಾಗ್ಬ್ಯಾಡ್ರಿ.

ಸಂದಿನ ಜಾಗಾ ಅರ್ಧ ಮೀಟರ್ ಅಗೀರಿ. 25 ಚದರ ಮೀಟರಿಗೆ 12–13 ಘನ ಮೀಟರ್ ಮಣ್ಣು, ಅಗದ ಮ್ಯಾಲೆ ಉಬ್ಬಿ 16 ಆಗ್ತದ. ಆರು ಟ್ರಾಲಿ ಹಿಡೀರಿ. ತಳಾ ಸ್ವಲ್ಪ ನೀರು ಹೊಡದು ಕುಟ್ಟಿಸಿ ಮುರುಮ (ಗರಸು ಮಣ್ಣು) ಹಾಕ್ರಿ, 15 ಸೆಂಟಿಮೀಟರಿನ ಎರಡು ಥರ, ಒಂದೊಂದು ಥರಾ ಬ್ಯಾರೆ ಬ್ಯಾರೆ ಕುಟ್ಟಬೇಕು. ಒಮ್ಮೆಲೆ 30 ಸುರದು ಮ್ಯಾಲೆ ಪ್ಲೇಟ್ ವೈಬ್ರೇಟರ್ ಓಡ್ಸಿದ್ರ ಕೆಳಗಿನ ಅರ್ಧ ಸಡಲೇ ಉಳೀತದ. ಮೂರೂವರಿ ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಮುರುಮ ಬೇಕಾಗ್ತದ. ಅದ್ರ ಮ್ಯಾಲೆ 20 ಎಂಎಂ ಜಲ್ಲಿ 8 ಸೆಂಟಿಮೀಟರ್, ಎಂ-ಸ್ಯಾಂಡ್ 4 ಸೆಂಟಿಮೀಟರ್, ಕಡೀಕ 80 ಎಂಎಂ ತೂತಿನ ಪೇವರ್. ಕೂಡಿಸಿದ್ರ ಬರೋಬರಿ ಅರ್ಧ ಮೀಟರ್.

ದಾರಿಯ ಕಡಿ ಕರ್ಬ್ ಕಲ್ಲು ಕಾಂಕ್ರೀಟಿನಾಗ ಕೂಡಿಸ್ರಿ, ಇಲ್ಲಂದ್ರ ಪೇವರ್ ಸರದು ಬಾಯಿ ಬಿಡತದ. ಕರ್ಬಿನ ತಲಿ ಪೇವರಿನ ಮಟ್ಟಕ್ಕೇ ಇರ್ಲಿ, 15 ಸೆಂಟಿಮೀಟರ್ ಎಬ್ಬಿಸಿದ್ರ ಸಣ್ಣ ಹುಡುಗ್ರು ಸೈಕಲ್ ಏರ್ಸಲ್ಲ, ದಾರಿಯೊಳಗs ಒಗದು ಓಡ್ತಾವ. ಇಳಿಜಾರು ದಾರಿ ಕಡೀಕ 50ಕ್ಕ 1. ಕಂಪೌಂಡ್ ಕಡೀಕ ನೀರು ಹೋದ್ರ ಗ್ವಾಡಿ ಬುನಾದಿ ಕೆಳಗ ಮಣ್ಣು ಉಬ್ಬಿ ಗ್ವಾಡಿ ಸೀಳತದ.

ಶಹಾಬಾದಿ ಫರಸಿ ಹಾಸ್ತೀನಿ ಅಂತ ಯಾರರ ಅಂದ್ರ ಪಾಲಿಶ್ ಮಾಡಿದ್ದು ಬ್ಯಾಡ, ಮಳಿ ಬಿದ್ರ ಜಾರತದ. ಒರಟ ಮುಖದ್ದು ನಡೀಲಿಕ್ಕ ಛಲೋ, ಆದ್ರ ಸ್ಟ್ಯಾಂಡಿನ ಕೆಳಗ ನೀರು ಇಂಗಲ್ಲ. ಜಿನಿಯಿಂದ ಸ್ಟ್ಯಾಂಡಿನ ತನಕಾ ಹಾದಿಗೆ ಅದನ್ನು ಬಳಸ್ರಿ.

ತೂತಿನೊಳಗ ಕೆಂಪು ಮಣ್ಣು, ಉಸುಕು ಕೂಡಿಸಿ ತುಂಬಿ ಗರಿಕಿ ಹಚ್ರಿ. ಮೆಕ್ಸಿಕನ್ ಲಾನ್ ಇಲ್ಲಿ ಮೇ ತಿಂಗಳಿನಾಗ ಸುಡತದ. ಮೊದಲಿನ ಲಾನ್ ಯಾಕ ಒಣಗೇದ ಲೆಕ್ಕಾ ಮಾಡ್ರಿ: 36 ಚದರ ಮೀಟರಿಗೆ ಬ್ಯಾಸಗ್ಯಾಗ ದಿನಾ ಚದರ ಮೀಟರಿಗೆ 5 ಲೀಟರಿನಂಗ 180 ಲೀಟರ್, ವಾರಕ್ಕ 1,260. ಟ್ಯಾಂಕರ್ ನೀರು ಕೊಂಡು ಕುಡಿಯೂ ಊರಾಗ ಯಾರು ಹಾಕ್ತಾರ? ಆರು ಗಿಡಕ್ಕ ವಾರಕ್ಕ ಎರಡು ಸಲ 20 ಲೀಟರ್ ಅಂದ್ರ 240. ಎರಡು ವರ್ಷ ಇಷ್ಟು ಮಾಡಿದ್ರ ಮುಂದ ಅವೇ ಬದುಕ್ತಾವ.

ಸೇಡಂ_ರೋಡ್_24ಮನಿ

ಯಾವ ಗಿಡ? ಬೇವು ಎಂದು ಎಲ್ಲರೂ ಹೇಳುತ್ತಿದ್ದಾರೆ.

ಎರಿಮಣ್ಣು

ಬೇವು ನಮ್ಮ ಊರಿನ ಗಿಡ, ಮರ್ಯಾದಿ ಅದ, ಆದ್ರ 1.5 ಮೀಟರ್ ಪಟ್ಟಿಗೆ ಅಲ್ಲ. ಗ್ವಾಡಿಂದ ನಾಕೈದು ಮೀಟರ್ ದೂರ ಬೇಕು. ದೊಡ್ಡ ಮರಾ ಬ್ಯಾಸಗ್ಯಾಗ ಬುನಾದಿ ಕೆಳಗಿನ ನೀರು ಎಳಕೊಂಡ್ರ ಎರಿ ಮಣ್ಣು ಕುಗ್ಗಿ ಗ್ವಾಡಿ ಕೂಡತದ. ಬೇರು ಗ್ವಾಡಿ ಒಡೀತಾವ ಅಂತಾರ ಮಂದಿ. ಬಹಳ ಸಲ ಒಡಿಯೂದು ಬೇರಲ್ಲ, ಬೇರು ಒಣಗಿಸಿದ ಮಣ್ಣು. ಆಲ, ಅರಳಿ, ಅತ್ತಿ ಹತ್ರನೂ ತರಬ್ಯಾಡ್ರಿ. ಗುಲ್‌ಮೊಹರ್ ಟೊಂಗಿ ಏಪ್ರಿಲ್-ಮೇ ಬಿರುಗಾಳಿಗೆ ಮುರದು ಸೈಕಲ್ ಮ್ಯಾಲೆ ಬೀಳತಾವ, ನುಗ್ಗೀದೂ ಅದೇ ಗತಿ. ಕೊನೊಕಾರ್ಪಸ್ ಲಗೂ ಬೆಳೀತದ ಅಂತ ನರ್ಸರಿಯವ್ರು ಕೊಡ್ತಾರ. ಗುಜರಾತ್ ಸರಕಾರ 2023ರಾಗ ಅದನ್ನ ನೆಡೂದಕ್ಕ ನಿಷೇಧ ಹಾಕೇದ. ಕಣಗಿಲೆ ಬರ ತಡೀತದ, ಆದ್ರ ಎಲಿ-ಹೂವು ಎಲ್ಲಾ ವಿಷ, 14 ಮಕ್ಕಳ ಸೈಕಲ್ ಬಾಜೂಕ ಬ್ಯಾಡ.

ಈ ಪಟ್ಟಿಗೆ ಕಕ್ಕಿ, ಮಂದಾರ, ಪಾರಿಜಾತ ಛಲೋ. ನಡುವ ಒಂದೆರಡು ಕರಿಬೇವು ಹಚ್ರಿ, ಅದಕ್ಕ ನೀರು ಹಾಕ್ಲಾಕ ಯಾರಿಗೂ ಹೇಳಬೇಕಾಗಿಲ್ಲ. ದೊಡ್ಡ ನೆರಳಿನ ಬೇವು-ಹೊಂಗಿ ಹಿಂದಿನ ಸೆಟ್‌ಬ್ಯಾಕಿನ ಮೂಲಿಯಾಗ, ಕಟ್ಟಡದಿಂದ ದೂರ.

ಗುಂಡಿ 1 ಮೀಟರ್ ಆಳ. ಇಲ್ಲಿ ಒಂದು ತಪ್ಪು ಎಲ್ಲಾರೂ ಮಾಡ್ತಾರ: ಎರಿ ಮಣ್ಣಿನಾಗ ಗುಂಡಿ ತೋಡಿ ಒಳಗ ಛಲೋ ಕೆಂಪು ಮಣ್ಣು, ಗೊಬ್ಬರ ತುಂಬತಾರ. ಸುತ್ತಿನ ಎರಿ ನೀರು ಬಿಡಲ್ಲ, ಗುಂಡಿ ಬಾನಿ ಆಗ್ತದ. ಆಗಸ್ಟಿನಾಗ ಬೇರು ಕೊಳೀತದ, ಮಂದಿ ನೀರು ಕಮ್ಮಿ ಆಯ್ತು ಅಂತ ಮತ್ತ ನೀರು ಹಾಕ್ತಾರ. ತಗದ ಎರಿ ಮಣ್ಣಿನ ಅರ್ಧನೇ ವಾಪಸ್ ಕೂಡಿಸ್ರಿ, ಉಳಿದಿದ್ದು ಕೆಂಪು ಮಣ್ಣು, ಉಸುಕು, ತಿಪ್ಪಿ ಗೊಬ್ಬರ. ಗುಂಡಿ ಬಾಯಿ ಪೇವರಿಗಿಂತ 5 ಸೆಂಟಿಮೀಟರ್ ಎತ್ತರ ಇರ್ಲಿ. ಗ್ವಾಡಿ ಕಡಿ 60 ಸೆಂಟಿಮೀಟರ್ ಆಳಕ್ಕ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳಿ ನಿಲ್ಲಿಸ್ರಿ, ಬೇರು ಕೆಳಗಿಳೀತಾವ.

ಡ್ರಿಪ್ ಹಾಕಿದ್ರ ನಮ್ಮ ಬೋರಿನ ಗಡಸು ನೀರಿಗೆ ಸುಣ್ಣ ಕಟ್ಟತದ. ಬಿಚ್ಚಿ ತೊಳಿಯಾಕ ಬರೂ, ತಾಸಿಗೆ 4 ಲೀಟರಿನ ಡ್ರಿಪ್ಪರ್ ತಗೋರಿ, ಒಂದು ಗಿಡಕ್ಕ ಎರಡು. ತಿಂಗಳಿಗೊಮ್ಮೆ ಬಿಚ್ಚಿ ಲಿಂಬಿ ಹುಳಿ ನೀರಿನಾಗ ನೆನಸಿದ್ರ ಸಾಕು.

ಹಾಂ, ಇದ್ದ ಮರಾ ಕಡೀಬೇಕಾದ್ರ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಪರವಾನಿಗಿ ಬೇಕು, ಅದು ಸಂಘದ ಜಾಗದಾಗ ಇದ್ರೂ.

ಫ್ಯಾಬ್ರಿಕೇಟರ್_ಹುಮನಾಬಾದ್_ಬೇಸ್

ಸ್ಟ್ಯಾಂಡಿನ ಸಾಮಾನು ಬರಕೋರಿ. 40 ಎನ್‌ಬಿ (ಒಳ ಅಳತಿ ಸುಮಾರು 40 ಎಂಎಂ) ಜಿಐ ಪೈಪ್, ಬಿ-ಕ್ಲಾಸ್, ಪೈಪಿನ ಮ್ಯಾಲೆ ನೀಲಿ ಪಟ್ಟಿ ಇರ್ತದ. ಹಳದಿ ಪಟ್ಟಿದು ಹಗುರು, ಅದು ಬ್ಯಾಡ. ಹೊರ ಅಳತಿ 48 ಎಂಎಂ, ಸೈಕಲ್ ಫ್ರೇಮಿಗೆ ಆನ್ಯಾಕ ಸರಿ, ಯು-ಲಾಕೂ ಹಿಡೀತದ. ನೆಲದಿಂದ ಎತ್ತರ 75 ಸೆಂಟಿಮೀಟರ್, ಅಗಲ 75, ನೆಲದೊಳಗ ಒಂದೊಂದು ಕಾಲು 30. ಒಟ್ಟು 2.85 ಮೀಟರ್. 6 ಮೀಟರ್ ಪೈಪಿನಾಗ ಎರಡು ಸ್ಟ್ಯಾಂಡ್ ಬರ್ತಾವ, 12 ಸ್ಟ್ಯಾಂಡಿಗೆ ಆರು ಪೈಪ್. ಎತ್ತರ 85-90 ಮಾಡ್ರಿ ಅಂತ ಯಾರರ ಅಂದ್ರ ಒಂದು ಪೈಪಿಗೆ ಒಂದೇ ಸ್ಟ್ಯಾಂಡ್ ಬಂದು ತುಣುಕು ಎಲ್ಲಾ ಗುಜರಿಗೆ.

ಮಕ್ಕಳ ಸೈಕಲ್ಲಿಗೆ 35 ಸೆಂಟಿಮೀಟರ್ ಎತ್ತರದಾಗ ಒಂದು ಅಡ್ಡ ಪೈಪ್ ಬೆಸುಗಿ ಮಾಡ್ಸರಿ, 25 ಎನ್‌ಬಿ ಸಾಕು. ಇಲ್ಲಂದ್ರ 16 ಇಂಚಿನ ಸೈಕಲ್ ಕೆಳಗ ನುಗ್ಗಿ ಬೀಳತದ. ಅದಕ್ಕ ಇನ್ನ ಎರಡು ಪೈಪ್.

ಬೆಂಡಿಂಗ್ ಮಶೀನ್ ಮ್ಯಾಲೆ ಬಗ್ಗಿಸಿದ್ದೇ ತಗೋರಿ. 45 ಡಿಗ್ರಿ ಕಟ್ ಮಾಡಿ ಮೂಲಿ ಜೋಡ್ಸಿದ್ರ ಚೂಪ ಮೂಲಿಗೆ ಮಕ್ಕಳ ಹಣಿ ಬಡೀತದ. ಬೆಸುಗಿ ಮಾಡಿದಲ್ಲಿ ಜಿಐ ಸತುವು ಸುಟ್ಟು ಹೋಗಿರ್ತದ, ಬ್ರಶ್ ಹೊಡದು ಸತುವಿನ ಪ್ರೈಮರ್ ಹಚ್ಚಿ ಮ್ಯಾಲೆ ಬಣ್ಣ. ಹಂಗೇ ಬಿಟ್ರ ಮೊದಲ ತುಕ್ಕು ಅಲ್ಲೇ.

ಕಾಲಿಗೆ ತುದಿಯೊಳಗ ತೂತು ಹಾಕಿ 10 ಎಂಎಂ ಸರಳು ಅಡ್ಡ ಹಾಯ್ಸರಿ, ಇಲ್ಲಂದ್ರ ಯಾರರ ಹಿಡದು ತಿರುವಿದ್ರ ಕಾಂಕ್ರೀಟಿನಾಗ ತಿರುಗತದ. ಗುಂಡಿ 30 × 30, ಆಳ 40. 1:2:4 ಕಾಂಕ್ರೀಟ್. 24 ಕಾಲಿಗೆ 0.86 ಘನ ಮೀಟರ್, ಆರು ಚೀಲ ಸಿಮೆಂಟ್. ಕಾಂಕ್ರೀಟಿನ ತಲಿ ನೆಲಕ್ಕಿಂತ ಒಂದು ಸೆಂಟಿಮೀಟರ್ ಮ್ಯಾಲೆ, ಸುತ್ತ ಇಳಿಜಾರು, ಪೈಪಿನ ಬುಡಕ ನೀರು ನಿಂದರಬಾರದು. ಮೂರು ದಿನ ಸೈಕಲ್ ಹಚ್ಚಬ್ಯಾಡ್ರಿ, ಏಳು ದಿನ ನೀರು ಹೊಡೀರಿ.

ಸ್ಟಿಲ್ಟಿನಾಗ ಕಾಂಕ್ರೀಟ್ ನೆಲ ಇದ್ರ 150 × 150 × 8 ಎಂಎಂ ಬೇಸ್ ಪ್ಲೇಟ್, ನಾಕು ಎಂ-12 ಆ್ಯಂಕರ್. ಕೆಳಗ ನೀರಿನ ಸಂಪ್ ಇದ್ರ ಅದ್ರ ಸ್ಲ್ಯಾಬಿಗೆ ಡ್ರಿಲ್ ಹಚ್ಚಬ್ಯಾಡ್ರಿ.

ಪೇಟಿಯೊಳಗ ಗಾಲಿ ಸಿಗಿಸೂ ಸಾಲು ಸ್ಟ್ಯಾಂಡ್ ಸಿಗ್ತಾವ, ಶಾಲಿಗಳ ಮುಂದ ಇರ್ತಾವಲ್ಲ, ಅವು. ಸೋವಿ ಅಂತ ತರಬ್ಯಾಡ್ರಿ. ಗಾಲಿ ಒಂದೇ ಹಿಡೀತದ, ಸೈಕಲ್ ವಾಲಿದ್ರ ರಿಮ್ ಬಾಗತದ, ಫ್ರೇಮಿಗೆ ಕೀಲಿ ಹಾಕ್ಲಾಕ ಬರಲ್ಲ.

ತಂತಿ_ಮೀಟರ್

ಚಿಕ್ಕದಾಗಿ ಹೇಳುತ್ತೇನೆ. ಜಿನೆಯ ಕೆಳಗಿನ ಸೈಕಲ್‌ಗಳನ್ನು ಇವತ್ತೇ ತೆಗೆಯಿರಿ, ಸ್ಟ್ಯಾಂಡ್ ಬರುವವರೆಗೆ ಕಾಯಬೇಡಿ. ಬೆಂಕಿ ಬಿದ್ದರೆ ಇಳಿಯುವ ದಾರಿ ಅದೊಂದೇ. ಮೀಟರ್ ಪ್ಯಾನಲ್ ಮುಂದೆ ಒಂದು ಮೀಟರ್ ಖಾಲಿ ಇರಬೇಕು. ಕತ್ತಲಲ್ಲಿ ಮೇನ್ ಸ್ವಿಚ್ ಇಳಿಸಲು ಹೋದವರು ಪೆಡಲಿಗೆ ಎಡವಬಾರದು.

ವಿದ್ಯುತ್ ಸೈಕಲ್ ಇದ್ದರೆ ಸ್ಟಿಲ್ಟ್‌ನ ಹೆಚ್ಚುವರಿ ಜಾಗದಲ್ಲೇ ಎರಡು 16 ಆಂಪ್ ಸಾಕೆಟ್ ಕೊಡಿ: ನೆಲದಿಂದ 1.2 ಮೀ. ಎತ್ತರ, ಮುಚ್ಚಳದ ಡಬ್ಬಿ, 2.5 ಚದರ ಮಿ.ಮೀ. ತಂತಿ, 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಬೇರೆ ಸಬ್ ಮೀಟರ್. ಬಯಲಿನ ಪಟ್ಟಿಗೆ ಎಕ್ಸ್‌ಟೆನ್ಶನ್ ಎಳೆಯುವುದು ಬೇಡ. ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ನಮ್ಮಲ್ಲಿ ಮೇ ಮಧ್ಯಾಹ್ನ ನೆರಳಲ್ಲೇ 43 ಇರುತ್ತದೆ, ಬಿಸಿಲಲ್ಲಿ ನಿಂತ ಬ್ಯಾಟರಿ ಇನ್ನೂ ಬಿಸಿ. ಬೆಳಗ್ಗೆ ಚಾರ್ಜ್ ಮಾಡುವುದು ಒಳ್ಳೆಯದು.

ಸೇಡಂ_ರೋಡ್_24ಮನಿ

ಮರ ಬೆಳೆಯುವವರೆಗೆ ನೆರಳು? ಬಿಸಿಲಿಗೆ ಟೈರ್ ಹಾಳಾಗುತ್ತದೆ ಎಂದು ಹಿರಿಯರು ತಗಡಿನ ಶೆಡ್ಡೇ ಬೇಕು ಎನ್ನುತ್ತಿದ್ದಾರೆ.

ನಕ್ಷೆ_ಮಾಪಕ

ಪಟ್ಟಿ ಪೂರ್ವಕ್ಕಿದೆ. ಮಧ್ಯಾಹ್ನ ಒಂದರ ನಂತರ 14 ಮೀಟರ್ ಎತ್ತರದ ಕಟ್ಟಡದ ನೆರಳೇ ಅದರ ಮೇಲೆ ಹಂತ ಹಂತವಾಗಿ ಬರುತ್ತದೆ. ಕಷ್ಟ ಇರುವುದು ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ. ಅಷ್ಟಕ್ಕೆ ಸೆಟ್‌ಬ್ಯಾಕ್‌ನಲ್ಲಿ ಶಾಶ್ವತ ಚಾವಣಿ ಹಾಕಿ ನೋಟಿಸಿಗೆ ಕಾರಣವಾಗುವುದು ಲೆಕ್ಕಕ್ಕೆ ಬರುವುದಿಲ್ಲ. ದಿನವೂ ಓಡಿಸದ ಸೈಕಲ್‌ಗಳನ್ನು ಸ್ಟಿಲ್ಟ್‌ನ ಜಾಗಕ್ಕೆ ಕಳಿಸಿ, ದಿನ ಬಳಸುವವು ಹೊರಗಿರಲಿ. ಬೇಸಿಗೆಯಲ್ಲಿ ಗಾಳಿ ಸ್ವಲ್ಪ ಕಡಿಮೆ ಹಿಡಿಸಿದರೆ ಟ್ಯೂಬ್ ಸಿಡಿಯುವುದಿಲ್ಲ.

ತಗಡು ಬೇಕೇಬೇಕು ಎಂದರೆ ಅದು ಪರಿಷ್ಕೃತ ನಕ್ಷೆಯ ಕಡತ, ಸೆಟ್‌ಬ್ಯಾಕ್ ಬಿಟ್ಟು ಬೇರೆ ಜಾಗ.

ಕಾನೂನು_ಕಟ್ಟೆ

ಸಭೆಗೆ ಹೋಗುವ ಮುನ್ನ ಕಾಗದ ಸಿದ್ಧವಿರಲಿ. ನೋಂದಾಯಿತ ಇಂಜಿನಿಯರ್ ಸಹಿ ಮಾಡಿದ ಒಂದೇ ಹಾಳೆಯ ನಕ್ಷೆ: ಸೆಟ್‌ಬ್ಯಾಕ್ ಅಳತೆ, 26 ಕಾರಿನ ಜಾಗಗಳ ಸಂಖ್ಯೆ, ಹಸಿರು ಜಾಗ ಹಳೆಯದು-ಹೊಸದು, 12 ಸ್ಟ್ಯಾಂಡ್‌ಗಳ ಜಾಗ, 'ಚಾವಣಿ ಇಲ್ಲ' ಎಂಬ ಟಿಪ್ಪಣಿ. ಉಪವಿಧಿಯಲ್ಲಿ ಹೇಳಿದಷ್ಟು ದಿನ ಮೊದಲು ನೋಟಿಸ್ ಎಲ್ಲ ಮಾಲೀಕರಿಗೆ, ಬಾಡಿಗೆದಾರರಿಗಲ್ಲ. ಹೊರಊರಿನಲ್ಲಿರುವ ಮಾಲೀಕರ ಒಪ್ಪಿಗೆ ಲಿಖಿತವಾಗಿ ತರಿಸಿ. ಠರಾವಾದ ಮೇಲೆ ಪಾಲಿಕೆಯ ಟಪಾಲಿನಲ್ಲಿ ಮಾಹಿತಿ ಪತ್ರ ಕೊಟ್ಟು ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನಕ್ಷೆ_ಮಾಪಕ

ಮಾಹಿತಿ ಪತ್ರ ಕಾನೂನಿನ ಬಲವಂತವಲ್ಲ. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟು ಕಡತ ತೆರೆಯುವುದು ಯಾಕೆ?

ಕಾನೂನು_ಕಟ್ಟೆ

ದೂರು ಕೊಡುವವರು ಮನೆಯೊಳಗೇ ಇದ್ದಾರೆ ಎಂಬ ಕಾರಣಕ್ಕೆ. ದೂರು ಬಂದ ದಿನ ಮೊಹರಿನ ಹಾಳೆ ಇದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಕ್ಷೆ_ಮಾಪಕ

ಅದು ಒಪ್ಪುವ ಮಾತು.

ಸೇಡಂ_ರೋಡ್_24ಮನಿ

ಕೊನೆಯ ಪ್ರಶ್ನೆ. 31ರಲ್ಲಿ ಆರೇಳು ಸೈಕಲ್ ಯಾರವೋ ಗೊತ್ತಿಲ್ಲ, ಗಾಳಿಯೂ ಇಲ್ಲ. ಅವನ್ನು ಬಿಸಾಡಿದರೆ ಜಗಳ.

ಎರಿಮಣ್ಣು

ಎಲ್ಲಾ ಸೈಕಲ್ಲಿಗೂ ಹ್ಯಾಂಡಲ್‌ಗೆ ಒಂದು ಬಿಳಿ ಅರಬಿ ಪಟ್ಟಿ ಕಟ್ರಿ, ಯಾರಿಗೂ ಬಿಡಬ್ಯಾಡ್ರಿ. ಸೈಕಲ್ ನಂದು ಅನ್ನೋರು ಪಟ್ಟಿ ಬಿಚ್ಚಿ ಮನಿ ನಂಬರ್ ಬರದು ವಾಚ್‌ಮನ್ ಕೈಗೆ ಕೊಡ್ಲಿ ಅಂತ ಲಿಫ್ಟಿನಾಗ ಚೀಟಿ ಹಚ್ರಿ. ಒಂದು ತಿಂಗಳ ಮ್ಯಾಲೆ ಪಟ್ಟಿ ಇದ್ದಿದ್ದೆಲ್ಲಾ ಫೋಟೋ ತಗದು ಸಂಘದ ಖೋಲಿಯೊಳಗ ಇಡ್ರಿ, ಇನ್ನೊಂದು ತಿಂಗಳು ಬಿಡ್ರಿ, ಆಮ್ಯಾಲೆ ಠರಾವು ಮಾಡಿ ಕೊಟ್ಟುಬಿಡ್ರಿ. ಸ್ಟ್ಯಾಂಡಿನ ಲೆಕ್ಕಾ ಹಾಕೂಕ್ಕಿಂತ ಮೊದಲು ಇದನ್ನ ಮಾಡ್ರಿ; 24ರ ಪಟ್ಟಿ ಒಂದೇ ಸಾಕಾಗಿ ಸ್ಟಿಲ್ಟಿನ ಜಾಗಾ ಮುಟ್ಟೂದೇ ಬ್ಯಾಡ ಆಗಬಹುದು.

ಸೇಡಂ_ರೋಡ್_24ಮನಿ

ಅರಬಿ ಪಟ್ಟಿ ನಾಳೆಯೇ ಕಟ್ಟಿಸುತ್ತೇವೆ. ಗುಂಡಿ ತೋಡುವುದು ಮಳೆ ಮೊದಲೋ, ನಂತರವೋ?

ಎರಿಮಣ್ಣು

ಅಗಿಯೂದು, ಮುರುಮ ಕುಟ್ಟೂದು, ಸ್ಟ್ಯಾಂಡ್ ನೆಡೂದು ಮೇ ಒಳಗ ಮುಗೀಲಿ. ತೊಯ್ದ ಎರಿ ಮಣ್ಣಿನಾಗ ಮಶೀನ್ ಸಿಗಿಬೀಳತದ. ಗಿಡಾ ಮಾತ್ರ ಎರಡು ಛಲೋ ಮಳಿ ಬಿದ್ದ ಮ್ಯಾಲೆ, ಜುಲೈದಾಗ.